ಗೋಲ್ಡ್ ಮೆಂಬರ್ ಅಂದರೆ ಬೀಚ್ ರೆಸಾರ್ಟ್‌ನಲ್ಲಿ ನಿಜಕ್ಕೂ ಏನು ಸಿಗುತ್ತದೆ?

ಸೇಡಂ ರಸ್ತೆ

ಊರು ಕಲಬುರಗಿ, ಸಿಮೆಂಟ್ ಮಾರಾಟದ ಕೆಲಸ ನನ್ನದು. ಹೈದರಾಬಾದ್, ಪುಣೆ, ಬೆಂಗಳೂರು ಅಂತ ತಿರುಗಿ ತಿರುಗಿ ಮ್ಯಾರಿಯಟ್ ಹೋಟೆಲ್ ಗುಂಪಿನ ಲಾಯಲ್ಟಿ ಸದಸ್ಯತ್ವ ಬಾನ್‌ವಾಯ್‌ನಲ್ಲಿ ಗೋಲ್ಡ್ ಮಟ್ಟ ಆಗಿದೆ. ಪಾಯಿಂಟ್ಸ್ ಕೂಡ ಸುಮಾರು ಕೂಡಿವೆ. ದಸರಾ ರಜೆಗೆ ಮನೆಯವರನ್ನು ಗೋವಾಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ನಾನು, ಹೆಂಡತಿ, ಅವ್ವ, ಇಬ್ಬರು ಮಕ್ಕಳು. ಮಕ್ಕಳು ಇನ್ನೂ ಸಮುದ್ರ ನೋಡಿಲ್ಲ.

ಆಪ್‌ನಲ್ಲಿ ರೂಮ್ ಅಪ್‌ಗ್ರೇಡ್, ಲೇಟ್ ಚೆಕ್‌ಔಟ್ ಅಂತೆಲ್ಲ ಬರೆದಿದ್ದಾರೆ. ಸಿಟಿ ಹೋಟೆಲ್‌ಗಳಲ್ಲಿ ಕೇಳಿದರೆ ಕೊಡುತ್ತಾರೆ, ಅದು ಗೊತ್ತು. ಬೀಚ್ ರೆಸಾರ್ಟ್‌ನಲ್ಲೂ ಹಾಗೇನಾ? ತಿಂಡಿ ಫ್ರೀ ಇರುತ್ತದಾ? ಪಾಯಿಂಟ್ಸ್ ಕೊಟ್ಟು ಇರುವುದು ಒಳ್ಳೆಯದೋ, ದುಡ್ಡು ಕೊಟ್ಟು ಇರುವುದೋ? ಹೋಗಿ ಬಂದವರು ಹೇಳಿ. ಇನ್ನೊಂದು, ನಾವು ಸಸ್ಯಾಹಾರಿಗಳು. ಅವ್ವನಿಗೆ ರೊಟ್ಟಿ ಇಲ್ಲದಿದ್ದರೆ ಊಟ ಆದಂಗೆ ಅನಿಸುವುದಿಲ್ಲ.

ತೊಗರಿ ಕಣಜ

ಗೋಲ್ಡ್ ಇದ್ದರೂ ಇಲ್ಲದಿದ್ದರೂ ಸಮುದ್ರ ಅದೇ ಅಲ್ವಾ? ಸುಮ್ನೆ ಹೋಗಿ ಬನ್ನಿ.

ಬಿಸಿಲೂರು

ಸಮುದ್ರ ಅದೇ, ಬಿಲ್ ಬೇರೆ ರೀ ಕಣಜ ಅವರೇ.

ಸೇಡಂ ರಸ್ತೆ ಸರ್, ಮೊದಲು ತಿಂಡಿಯ ಮಾತು ಮುಗಿಸೋಣ, ಯಾಕೆಂದರೆ ರೆಸಾರ್ಟ್‌ನಲ್ಲಿ ದುಡ್ಡು ಹೋಗುವುದು ಹೊಟ್ಟೆಗೆ. ಬಾನ್‌ವಾಯ್ ಗೋಲ್ಡ್‌ಗೆ ಉಚಿತ ತಿಂಡಿ ಇಲ್ಲ. ವರ್ಷಕ್ಕೆ 25 ರಾತ್ರಿ ಉಳಿದರೆ ಗೋಲ್ಡ್, 50 ರಾತ್ರಿಗೆ ಪ್ಲಾಟಿನಂ. ತಿಂಡಿ ಶುರುವಾಗುವುದು ಪ್ಲಾಟಿನಂನಿಂದ. ಅದೂ ಸದಸ್ಯ ಮತ್ತು ಜೊತೆಗೆ ಒಬ್ಬರಿಗೆ ಮಾತ್ರ. ಐದು ಜನ ಹೋದರೆ ಮೂವರ ತಿಂಡಿಗೆ ದುಡ್ಡು ಕೊಡಲೇಬೇಕು. ಸಿಟಿಯಲ್ಲಾದರೆ ಹೊರಗೆ ಬಂದು ಇಡ್ಲಿ ತಿಂದು ಬರಬಹುದು. ದಕ್ಷಿಣ ಗೋವಾದ ರೆಸಾರ್ಟ್‌ಗಳ ಗೇಟಿನ ಹೊರಗೆ ಎಷ್ಟೋ ಕಡೆ ತೆಂಗಿನ ತೋಟ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಹಾಗಾಗಿ ರೂಮ್ ದರ ನೋಡುವಾಗ "ತಿಂಡಿ ಸೇರಿ" ಎಂಬ ದರವನ್ನೂ ಪಕ್ಕದಲ್ಲಿಟ್ಟು ನೋಡಿ. ಇಬ್ಬರು ದೊಡ್ಡವರಿಗೆ ಬೇರೆಯಾಗಿ ತಿಂಡಿ ಕೊಂಡರೆ ಆಗುವ ಖರ್ಚಿಗಿಂತ ಆ ದರದ ವ್ಯತ್ಯಾಸ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಸಣ್ಣ ಮಕ್ಕಳ ತಿಂಡಿಗೆ ಒಂದೊಂದು ಹೋಟೆಲ್‌ಗೆ ಒಂದೊಂದು ವಯಸ್ಸಿನ ಮಿತಿ. ಕೇಳಿಯೇ ಬುಕ್ ಮಾಡಿ.

ಲೇಟ್ ಚೆಕ್‌ಔಟ್: ಗೋಲ್ಡ್‌ಗೆ ಮಧ್ಯಾಹ್ನ 2 ಗಂಟೆ, ರೂಮ್ ಖಾಲಿ ಇದ್ದರೆ ಮಾತ್ರ. ಪ್ಲಾಟಿನಂಗೆ 4 ಗಂಟೆ ಖಾತ್ರಿ ಅಂತಾರೆ, ಆದರೆ ನಿಯಮದಲ್ಲೇ ರೆಸಾರ್ಟ್‌ಗಳನ್ನು ಬೇರೆ ಇಟ್ಟಿದ್ದಾರೆ. ಅಲ್ಲಿ ಅವರಿಗೂ ಖಾಲಿ ಇದ್ದರೆ ಮಾತ್ರ. ಅಪ್‌ಗ್ರೇಡ್ ಕೂಡ ಚೆಕ್‌ಇನ್ ಹೊತ್ತಿಗೆ ಇದ್ದರೆ ಕೊಡುವ ಸವಲತ್ತು. ಸೋಮವಾರದಿಂದ ಗುರುವಾರ ಹೈಟೆಕ್ ಸಿಟಿಯಲ್ಲಿ ನಿಮಗೆ ಅಭ್ಯಾಸವಾದ ಮರ್ಯಾದೆಯನ್ನು ದಸರಾ ವಾರದ ಗೋವಾದಲ್ಲಿ ನಿರೀಕ್ಷಿಸಬೇಡಿ.

ಶಹಾಪುರ ಹುಡುಗ

ನಾನು ದಕ್ಷಿಣ ಗೋವಾದ ಒಂದು ರೆಸಾರ್ಟ್‌ನಲ್ಲಿ ಫ್ರಂಟ್ ಆಫೀಸ್ ಕೆಲಸ ಮಾಡಿ ಬಂದವನು. ಒಳಗಿನ ಲೆಕ್ಕ ಹೇಳುತ್ತೇನೆ.

ನಾಳೆ ಬರುವವರ ಪಟ್ಟಿ ಹಿಂದಿನ ದಿನವೇ ನಮ್ಮ ಕೈಯಲ್ಲಿರುತ್ತದೆ. ಪ್ರತಿ ಹೆಸರಿನ ಮುಂದೆ ಸದಸ್ಯತ್ವದ ಮಟ್ಟ ಇರುತ್ತದೆ. ಖಾಲಿ ಉಳಿದ ಒಳ್ಳೆಯ ರೂಮ್‌ಗಳನ್ನು ಮೇಲಿನಿಂದ ಕೆಳಗೆ ಹಂಚುತ್ತಾ ಬರುತ್ತೇವೆ. ರಜೆಯ ವಾರದಲ್ಲಿ ಪ್ಲಾಟಿನಂ, ಅದಕ್ಕೂ ಮೇಲಿನ ಟೈಟಾನಿಯಂನವರೇ ಸಾಲಾಗಿ ಬರುತ್ತಾರೆ. ಅವರೂ ನಿಮ್ಮ ಹಾಗೆ ವರ್ಷವಿಡೀ ಆಫೀಸ್ ಕೆಲಸಕ್ಕೆ ತಿರುಗಿ, ರಜೆಗೆ ಮಕ್ಕಳನ್ನು ಕರೆದುಕೊಂಡು ಬಂದವರೇ. ಗೋಲ್ಡ್‌ಗೆ ಬರುವಷ್ಟರಲ್ಲಿ ಗಾರ್ಡನ್ ವ್ಯೂ ಬದಲು ಸ್ವಲ್ಪ ಮೇಲಿನ ಮಹಡಿ ಸಿಕ್ಕರೆ ದೊಡ್ಡದು.

ಆದರೆ ಕೆಲವು ವಿಷಯ ದುಡ್ಡಿಲ್ಲದೆ ಸಿಗುತ್ತವೆ. ಅವನ್ನು ಯಾರೂ ಕೇಳುವುದೇ ಇಲ್ಲ. ಬರುವ ಮೂರ್ನಾಲ್ಕು ದಿನ ಮೊದಲು ಹೋಟೆಲ್‌ಗೆ ಇಮೇಲ್ ಹಾಕಿ. ವಯಸ್ಸಾದವರು ಇದ್ದಾರೆ, ಮೆಟ್ಟಿಲು ಬೇಡ, ತಿಂಡಿ ಹಾಲ್‌ಗೆ ಹತ್ತಿರದ ರೂಮ್ ಬೇಕು, ಎರಡು ರೂಮ್ ಅಕ್ಕಪಕ್ಕ ಇರಲಿ ಅಂತ ಬರೆಯಿರಿ. ದಕ್ಷಿಣದ ರೆಸಾರ್ಟ್‌ಗಳು ಎಕರೆಗಟ್ಟಲೆ ಹರಡಿಕೊಂಡಿರುತ್ತವೆ. ರೂಮಿನಿಂದ ಬೀಚ್‌ಗೆ ಹೋಗಲು ಬಗ್ಗಿ ಎಂಬ ಬ್ಯಾಟರಿ ಗಾಡಿಗೆ ಕಾಯಬೇಕು. ಮಂಡಿನೋವಿನ ಅಜ್ಜಿಗೆ ಸೀ ವ್ಯೂಗಿಂತ ನೆಲಮಹಡಿ ದೊಡ್ಡ ಅಪ್‌ಗ್ರೇಡ್.

ಇನ್ನೊಂದು ಮಾತು. ನಮ್ಮ ಕಡೆಯವರು ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಏಳಕ್ಕೆಲ್ಲ ರಿಸೆಪ್ಶನ್ ಮುಂದೆ ಬ್ಯಾಗ್ ಸಮೇತ ನಿಂತಿರುತ್ತಾರೆ. ಚೆಕ್‌ಇನ್ 2 ಅಥವಾ 3 ಗಂಟೆಗೆ. ಹಿಂದಿನ ರಾತ್ರಿ ಹೋಟೆಲ್ ತುಂಬಿದ್ದರೆ ಕೊಡುವುದಕ್ಕೆ ರೂಮೇ ಇರುವುದಿಲ್ಲ, ಯಾವ ಕಾರ್ಡ್ ತೋರಿಸಿದರೂ ಅಷ್ಟೇ. ಬ್ಯಾಗ್ ಇಟ್ಟುಕೊಳ್ಳಿ, ಬಟ್ಟೆ ಬದಲಿಸಲು ಜಾಗ ಕೊಡಿ, ಪೂಲ್ ಬಳಸುತ್ತೇವೆ ಅಂತ ಕೇಳಿ. ಹೆಚ್ಚಿನ ಕಡೆ ಒಪ್ಪುತ್ತಾರೆ. ಚೆಕ್‌ಔಟ್ ಆದ ದಿನ ಸಂಜೆ ಬಸ್ ಇದ್ದರೂ ಇದನ್ನೇ ಕೇಳಿ.

ತೊಗರಿ ಕಣಜ

ಹಾಗಾದರೆ ಇದಕ್ಕೆ ಲಾಯಲ್ಟಿ ಅಂತ ಯಾಕೆ ಕರೆಯಬೇಕು? ನಾವು ನಿಷ್ಠೆಯಿಂದ ಇರಬೇಕು, ಅವರು "ಖಾಲಿ ಇದ್ದರೆ" ಅನ್ನಬೇಕು.

ಜೇವರ್ಗಿ ಕಾಕಾ

ತಮ್ಮ, ನಿಷ್ಠೆ ಕಂಪನಿಯ ದುಡ್ಡಿನದು, ರಜೆ ನಿಮ್ಮದು. ಪುಕ್ಕಟೆ ಬಂದ ಪಾಯಿಂಟ್‌ಗೆ ಇಷ್ಟು ತಕರಾರು ಬೇಡ. ಆದರೆ ಒಂದು ನೋಡಿಕೊಳ್ಳಿ. ಆಫೀಸ್‌ನವರು ಟ್ರಾವೆಲ್ ವೆಬ್‌ಸೈಟ್ ಮೂಲಕ ಬುಕ್ ಮಾಡಿದರೆ ಪಾಯಿಂಟ್ ಬರುವುದಿಲ್ಲ, ಸವಲತ್ತಿಗೂ ಹಕ್ಕಿಲ್ಲ. ಹೋಟೆಲ್‌ನ ಸ್ವಂತ ಆಪ್, ವೆಬ್‌ಸೈಟ್ ಅಥವಾ ಅವರ ಕಾರ್ಪೊರೇಟ್ ದರದಲ್ಲಿ ಆಗಿರಬೇಕು. ನೂರಿನ್ನೂರು ಉಳಿಯುತ್ತದೆ ಅಂತ ಬೇರೆ ಆಪ್‌ನಲ್ಲಿ ಬುಕ್ ಮಾಡಿ, ಆಮೇಲೆ ಕೌಂಟರ್‌ನಲ್ಲಿ ಗೋಲ್ಡ್ ಗೋಲ್ಡ್ ಅಂತ ಜಗಳ ಮಾಡುವವರನ್ನು ನೋಡಿದ್ದೇನೆ.

ಸೇಡಂ ರಸ್ತೆ

ಶಹಾಪುರ ಹುಡುಗ, ಬಹಳ ಉಪಯೋಗ ಆಯಿತು. ಐದು ಜನಕ್ಕೆ ಎರಡು ರೂಮ್ ಬೇಕೇ ಬೇಕು ಅಂತಿದ್ದಾರೆ. ಎರಡನ್ನೂ ನನ್ನ ಹೆಸರಲ್ಲಿ ಬುಕ್ ಮಾಡಿದರೆ ಎರಡಕ್ಕೂ ಪಾಯಿಂಟ್ ಬರುತ್ತದಾ? ಸವಲತ್ತು?

ಬಿಸಿಲೂರು

ಪಾಯಿಂಟ್ಸ್ ಮೂರು ರೂಮ್‌ವರೆಗೆ ಬರುತ್ತವೆ. ಒಂದರಲ್ಲಿ ನೀವು ಇರಬೇಕು, ಬಿಲ್ ನೀವೇ ಕಟ್ಟಬೇಕು. ಆದರೆ ಸದಸ್ಯತ್ವದ ಮಟ್ಟಕ್ಕೆ ಲೆಕ್ಕವಾಗುವ ರಾತ್ರಿ ಒಂದೇ ರೂಮಿನದು. ಸವಲತ್ತು ಕೂಡ ನೀವು ಇರುವ ರೂಮಿಗೆ. ಗೋಲ್ಡ್‌ಗೆ ಮಾಮೂಲಿಗಿಂತ 25% ಜಾಸ್ತಿ ಪಾಯಿಂಟ್ ಇದೆ. ರೂಮಿನ ಲೆಕ್ಕಕ್ಕೆ ಹಾಕಿಸಿದ ಊಟದ ಬಿಲ್‌ಗೂ ಬರುತ್ತದೆ. ಹಾಗಾಗಿ ಅಲ್ಲೇ ಉಣ್ಣುವುದಾದರೆ ರೂಮ್ ನಂಬರ್ ಹೇಳಿ, ಕೊನೆಗೆ ಒಟ್ಟಿಗೆ ಕಟ್ಟಿ.

ಪಾಯಿಂಟ್ ಕೊಡಲೋ ದುಡ್ಡು ಕೊಡಲೋ ಎಂದು ತಿಳಿಯಲು ಸಣ್ಣ ಭಾಗಾಕಾರ ಸಾಕು. ಉದಾಹರಣೆಗೆ ಒಂದು ರಾತ್ರಿಗೆ ತೆರಿಗೆ ಸೇರಿ ₹14,000, ಇಲ್ಲವೇ 20,000 ಪಾಯಿಂಟ್ಸ್ ಅಂತ ತೋರಿಸುತ್ತಿದೆ ಅಂದುಕೊಳ್ಳಿ. ಒಂದು ಪಾಯಿಂಟ್‌ಗೆ 70 ಪೈಸೆ ಬಿತ್ತು. ಅದೇ ಪಾಯಿಂಟ್ಸ್ ಹೈದರಾಬಾದ್‌ನಲ್ಲಿ ಬಳಸಿದರೆ ಎಷ್ಟು ಬೀಳುತ್ತದೆ ನೋಡಿ. ಎಲ್ಲಿ ಜಾಸ್ತಿಯೋ ಅಲ್ಲಿ ಖರ್ಚು ಮಾಡಿ. ಮೊದಲಿನ ಹಾಗೆ ಈ ಹೋಟೆಲ್‌ಗೆ ಇಷ್ಟೇ ಪಾಯಿಂಟ್ ಎಂಬ ಪಟ್ಟಿ ಈಗಿಲ್ಲ. 2022ರಿಂದ ರೂಮ್ ದರ ಏರಿದಂತೆ ಪಾಯಿಂಟ್ ಕೂಡ ಏರುತ್ತದೆ.

ಎಲ್ಲ ಸದಸ್ಯರಿಗೂ ಸಿಗುವ, ಯಾವ ಮಟ್ಟವೂ ಬೇಕಿಲ್ಲದ ಒಂದು ಲಾಭ ಇದೆ. ಒಂದೇ ಹೋಟೆಲ್‌ನಲ್ಲಿ ಸತತ ಐದು ರಾತ್ರಿಗಳನ್ನು ಪಾಯಿಂಟ್ಸ್‌ನಲ್ಲಿ ಬುಕ್ ಮಾಡಿದರೆ ನಾಲ್ಕು ರಾತ್ರಿಯ ಪಾಯಿಂಟ್ಸ್ ಮಾತ್ರ ಕಡಿತ. ಐದರಲ್ಲಿ ಕಡಿಮೆ ಬೆಲೆಯ ರಾತ್ರಿ ಉಚಿತ. ನನ್ನ ಲೆಕ್ಕದಲ್ಲಿ ರೆಸಾರ್ಟ್‌ಗೆ ಹೋಗುವವರಿಗೆ ಗೋಲ್ಡ್ ಪಟ್ಟಕ್ಕಿಂತ ಇದು ಬೆಲೆಬಾಳುವ ಸವಲತ್ತು. ಸಿಟಿಯಲ್ಲಿ ಐದು ರಾತ್ರಿ ಯಾರು ರಜೆ ಕಳೆಯುತ್ತಾರೆ?

ಆಳಂದ ನಾಕಾ

ಮ್ಯಾರಿಯಟ್ ಹೆಸರಿನದೇ ಕ್ರೆಡಿಟ್ ಕಾರ್ಡ್ ಇದೆ ಅಂತ ಕೆಲವರು ಹೇಳುತ್ತಾರಲ್ಲ, ಅದು ಹೇಗೆ?

ಬಿಸಿಲೂರು

ಎಚ್‌ಡಿಎಫ್‌ಸಿ ಬ್ಯಾಂಕ್‌ನ ಮ್ಯಾರಿಯಟ್ ಕಾರ್ಡ್, 2023ರಲ್ಲಿ ಬಂತು. ವರ್ಷಕ್ಕೆ ₹3,000 ಮತ್ತು ತೆರಿಗೆ. ಗೋಲ್ಡ್‌ಗಿಂತ ಕೆಳಗಿನ ಸಿಲ್ವರ್ ಮಟ್ಟ, 15,000 ಪಾಯಿಂಟ್ಸ್‌ವರೆಗಿನ ಒಂದು ಉಚಿತ ರಾತ್ರಿ ಸಿಗುತ್ತದೆ. ಸೀಸನ್‌ನಲ್ಲಿ ಆ ಮಿತಿಯೊಳಗೆ ಬೀಚ್ ರೆಸಾರ್ಟ್ ಹುಡುಕುವುದು ಕಷ್ಟ. ಸಿಟಿ ಹೋಟೆಲ್‌ಗೆ ಬಳಸಿದರೆ ಫೀ ವಾಪಸ್ ಬಂದಂತೆ. ಡೈನರ್ಸ್ ಕ್ಲಬ್ ಕಾರ್ಡ್ ಅದು, ವೀಸಾದಂಥ ಬೇರೊಂದು ಜಾಲ. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಎಲ್ಲ ಅಂಗಡಿಗಳಲ್ಲಿ ನಡೆಯುತ್ತದೆ ಅಂದುಕೊಳ್ಳಬೇಡಿ.

ಹಾಗೇ ಕ್ಲಬ್ ಮ್ಯಾರಿಯಟ್ ಅಂತ ಫೋನ್ ಬಂದರೆ ಗೊಂದಲ ಬೇಡ. ಅದು ದುಡ್ಡು ಕೊಟ್ಟು ತೆಗೆದುಕೊಳ್ಳುವ ಊಟದ ರಿಯಾಯಿತಿ ಸದಸ್ಯತ್ವ. ಬಾನ್‌ವಾಯ್ ಸೇರಲು ಒಂದು ರೂಪಾಯಿಯೂ ಬೇಡ.

ಶೇಂಗಾ ಹಿಂಡಿ

ನೀವೆಲ್ಲ ಪಾಯಿಂಟ್ ಲೆಕ್ಕದಲ್ಲೇ ಮುಳುಗಿದ್ದೀರಿ. ಆ ಅವ್ವನ ಊಟದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ!

ಅಣ್ಣಾ, ಕಡಕ್ ರೊಟ್ಟಿ ಒಂದು ಡಬ್ಬಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿಪುಡಿಗಳು), ಉಪ್ಪಿನಕಾಯಿ ಕಟ್ಟಿಕೊಂಡು ಹೋಗಿ. ಕಡಕ್ ರೊಟ್ಟಿಗೆ ವಾರ ಕಳೆದರೂ ಏನೂ ಆಗುವುದಿಲ್ಲ, ಆದರೆ ಕಡಲ ಗಾಳಿಗೆ ಮೆತ್ತಗಾಗುತ್ತದೆ. ಡಬ್ಬಿಯ ಮುಚ್ಚಳ ಬಿಗಿ ಇರಲಿ. ರೆಸ್ಟೋರೆಂಟ್‌ನಲ್ಲಿ ಹೊರಗಿನ ಊಟ ತೆಗೆಯಲು ಬಿಡುವುದಿಲ್ಲ, ರೂಮಿನಲ್ಲಿ ತಿಂದರೆ ಯಾರೂ ಕೇಳುವುದಿಲ್ಲ. ಮೊಸರು, ಬಿಸಿ ಬೇಳೆ ಮಾತ್ರ ತರಿಸಿಕೊಂಡರೆ ಅವ್ವನ ರಾತ್ರಿ ಊಟ ಆಯಿತು. ರೂಮಿನ ಕೆಟಲ್‌ನಲ್ಲಿ ದಯವಿಟ್ಟು ಮ್ಯಾಗಿ ಬೇಯಿಸಬೇಡಿ. ನಿಮ್ಮ ನಂತರ ಬರುವವರು ಅದರಲ್ಲೇ ಚಹಾ ನೀರು ಕಾಯಿಸಬೇಕು.

ತಿಂಡಿ ಬಫೆಯಲ್ಲಿ ಸಸ್ಯಾಹಾರ, ಮಾಂಸಾಹಾರ ಅಕ್ಕಪಕ್ಕ ಇರುತ್ತವೆ. ನಮ್ಮ ಅತ್ತೆಯವರಿಗೆ ಅದೇ ಹಿಂಸೆ ಆಗುತ್ತದೆ. ದೋಸೆ ಮಾಡುವವನ ಹತ್ತಿರ ಹೋಗಿ ಬೇರೆ ಕಾವಲಿ ಇದೆಯಾ ಅಂತ ಮೊದಲೇ ಕೇಳಿ. ಮಧ್ಯಾಹ್ನ ಮಡಗಾಂವ್ ಕಡೆ ಹೋದರೆ ಶುದ್ಧ ಸಸ್ಯಾಹಾರಿ ಹೋಟೆಲ್‌ಗಳು ಸಿಗುತ್ತವೆ.

ಮಕ್ಕಳಿಗೆ ನೈಲಾನ್ ಈಜುಬಟ್ಟೆ ಇಲ್ಲಿಂದಲೇ ಕೊಂಡು ಹೋಗಿ. ಕಾಟನ್ ಚಡ್ಡಿ, ಬನಿಯನ್‌ನಲ್ಲಿ ಪೂಲ್‌ಗೆ ಬಿಡುವುದಿಲ್ಲ. ಅಲ್ಲಿನ ಅಂಗಡಿಯಲ್ಲಿ ಬೆಲೆ ಕೇಳಿದರೆ ಬಿಸಿಲಿಗಿಂತ ಜಾಸ್ತಿ ಸುಡುತ್ತದೆ. ಪೂಲ್ ಪಕ್ಕದ ಕುರ್ಚಿಗಳನ್ನು ಜನ ಬೆಳಿಗ್ಗೆಯೇ ನಮ್ಮ ಬಸ್ ಕಿಟಕಿಯಿಂದ ಟವೆಲ್ ಎಸೆದು ಸೀಟ್ ಹಿಡಿದಂತೆ ಹಿಡಿದಿಟ್ಟಿರುತ್ತಾರೆ. ನೀವೂ ಒಂದು ಟವೆಲ್ ಹಾಕಿ ಬನ್ನಿ.

ಹುಮನಾಬಾದ್ ಸೊಸೆ

ಅಕ್ಕ, ಅಗಸಿ ಹಿಂಡಿ ಮಾತು ಓದಿ ಹಸಿವಾಯಿತು. ಊಟದ ಬಿಲ್ ಬಗ್ಗೆ ಒಂದು ಸೇರಿಸುತ್ತೇನೆ. ಸರ್ವಿಸ್ ಚಾರ್ಜ್ ಅಂತ ಹಾಕಿದ್ದರೆ ತೆಗೆಸಬಹುದು. ಅದನ್ನು ಕಡ್ಡಾಯ ಮಾಡುವಂತಿಲ್ಲ ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತ್ತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಂಡರು ಅಂತ ಜಗಳ ಮಾಡಬೇಡಿ. ಹೋಟೆಲ್‌ನಲ್ಲಿ ಹಾಗೆ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ರೂಮಿನಲ್ಲಿ ಇಡುವ ಉಚಿತ ಬಾಟಲಿ ಖಾಲಿಯಾದರೆ ಇನ್ನೆರಡು ಕೇಳಿ. ಸಾಮಾನ್ಯವಾಗಿ ಕೊಡುತ್ತಾರೆ.

ಆಳಂದ ನಾಕಾ

ನನಗೂ ಒಂದು ಕಾಲ್ ಬಂದಿತ್ತು. "ನೀವು ಆಯ್ಕೆಯಾಗಿದ್ದೀರಿ, ಗೋವಾದಲ್ಲಿ ಮೂರು ರಾತ್ರಿ ಉಚಿತ, ದಂಪತಿ ಸಮೇತ ಬಂದು ಗಿಫ್ಟ್ ತೆಗೆದುಕೊಂಡು ಹೋಗಿ" ಅಂತ. ಸ್ಟೇಷನ್ ಹತ್ತಿರದ ಒಂದು ಹೋಟೆಲ್‌ನ ಹಾಲ್‌ಗೆ ಕರೆದು, ಹಾಡು ಹಾಕಿ, ಎರಡು ಗಂಟೆ ಬಿಡಲೇ ಇಲ್ಲ. ಕೊನೆಗೆ ಲಕ್ಷಗಟ್ಟಲೆಯ ಸದಸ್ಯತ್ವ, "ಇವತ್ತೇ ಸಹಿ ಮಾಡಿದರೆ ಮಾತ್ರ ಈ ದರ". ಮೂರು ರಾತ್ರಿಯ ಕೂಪನ್ ಕೊಟ್ಟರು. ಯಾವ ತಾರೀಕು ಕೇಳಿದರೂ ರೂಮ್ ಇಲ್ಲ. ಇದೂ ಲಾಯಲ್ಟಿ ಪ್ರೋಗ್ರಾಮ್ ಏನು?

ಬಿಸಿಲೂರು

ಅಲ್ಲ, ಎರಡಕ್ಕೂ ಸಂಬಂಧವೇ ಇಲ್ಲ. ಲಾಯಲ್ಟಿ ಎಂದರೆ ಉಳಿದ ಮೇಲೆ ಬರುವ ಪಾಯಿಂಟ್. ನಿಮ್ಮನ್ನು ಕರೆದದ್ದು ಟೈಮ್‌ಶೇರ್ ಮಾದರಿ. ಮುಂದಿನ ಎಷ್ಟೋ ವರ್ಷಗಳ ರಜೆಗೆ ಮೊದಲೇ ದುಡ್ಡು ಕೊಡುವುದು. ಅದರಲ್ಲೂ ಹೆಸರಾಂತ ಕಂಪನಿಗಳಿವೆ, ಸರಿಯಾಗಿ ಬಳಸಿಕೊಳ್ಳುವ ಕುಟುಂಬಗಳೂ ಇವೆ. ಆದರೆ ವರ್ಷ ವರ್ಷ ನಿರ್ವಹಣಾ ಶುಲ್ಕ ಬೇರೆ ಕಟ್ಟಬೇಕು, ಸೀಸನ್‌ಗಳಿಗೆ ಬಣ್ಣದ ಹೆಸರಿಟ್ಟು ಮಾರುತ್ತಾರೆ, ನೀವು ಕೊಂಡ ಬಣ್ಣಕ್ಕೆ ತಕ್ಕ ತಾರೀಕು ಮಾತ್ರ ಸಿಗುತ್ತದೆ. ಮಕ್ಕಳ ಶಾಲೆಯ ರಜೆಯಲ್ಲೇ ಹೋಗಬೇಕಾದವರು ಆ ಬಣ್ಣವನ್ನು ಕೇಳದೆ ಸಹಿ ಹಾಕಬಾರದು.

ಹುಮನಾಬಾದ್ ಸೊಸೆ

ದುಡ್ಡು ಕೊಟ್ಟು ಸಿಕ್ಕಿಕೊಂಡವರಿಗೆ 1915 ಗ್ರಾಹಕ ಸಹಾಯವಾಣಿ ಇದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮುಂಬೈ, ಗೋವಾಕ್ಕೆ ಅಲೆಯಬೇಕಿಲ್ಲ. ಕೊಟ್ಟ ಮೊತ್ತ ₹5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವೂ ಇಲ್ಲ.

ಜೇವರ್ಗಿ ಕಾಕಾ

ನನ್ನ ಮಾತು ಕೇಳಿ. ಗೋವಾ ಬಿಡಿ, ವೈಜಾಗ್‌ಗೆ ಹೋಗಿ. ಕಲಬುರಗಿ ಸ್ಟೇಷನ್‌ನಲ್ಲಿ ಕೋಣಾರ್ಕ್ ಎಕ್ಸ್‌ಪ್ರೆಸ್ ಹತ್ತಿದರೆ ಎಲ್ಲೂ ಬದಲಿಸುವ ಹಾಗಿಲ್ಲ. ಗೋವಾಕ್ಕೆ ವಿಜಯಪುರ, ಬೆಳಗಾವಿ ದಾಟಿ, ಚೋರ್ಲಾ ಘಾಟ್ ಇಳಿದು ಹೋಗುವಷ್ಟರಲ್ಲಿ ಆ ತಾಯಿಯ ಸೊಂಟ ಹೋಗುತ್ತದೆ. ವೈಜಾಗ್‌ನಲ್ಲಿ ಬೀಚ್ ರೋಡ್ ಮೇಲೆಯೇ ನೊವೊಟೆಲ್ ಇದೆ. ಅದು ಅಕೋರ್ ಗುಂಪಿನದು. ಅವರ ಲೆಕ್ಕ ಸರಳ, 2,000 ಪಾಯಿಂಟ್‌ಗೆ 40 ಯೂರೋ ಬಿಲ್‌ನಲ್ಲಿ ಕಡಿತ. ಅಪ್‌ಗ್ರೇಡ್ ಗಿಪ್‌ಗ್ರೇಡ್ ತಲೆನೋವು ಇಲ್ಲ.

ಶಹಾಪುರ ಹುಡುಗ

ಕಾಕಾ, ಅಕ್ಟೋಬರ್‌ನಲ್ಲಿ ವೈಜಾಗ್? ಹುದ್‌ಹುದ್ ಚಂಡಮಾರುತ ಅಪ್ಪಳಿಸಿದ್ದು 2014ರ ಅಕ್ಟೋಬರ್ 12ಕ್ಕೆ, ಅದೇ ಊರಿಗೆ. ಆ ಕರಾವಳಿಗೆ ಅಕ್ಟೋಬರ್, ನವೆಂಬರ್ ಚಂಡಮಾರುತದ ಕಾಲ. ಮತ್ತೆ ನೊವೊಟೆಲ್ ಎದುರಿನ ಆರ್‌ಕೆ ಬೀಚ್ ನೋಡಲು ಚಂದ, ಇಳಿದರೆ ಸೆಳೆತ ಜಾಸ್ತಿ. ಮಕ್ಕಳನ್ನು ನೀರಿಗೆ ಬಿಡಬೇಕಾದರೆ ರುಷಿಕೊಂಡ ಕಡೆ ಹೋಗಬೇಕು.

ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರಕ್ಕೆ ಇಳಿಯುವ ಮಾತೇ ಇಲ್ಲ. ದರ ಕಡಿಮೆ ಇದೆ ಅಂತ ಆಗಸ್ಟ್‌ನಲ್ಲಿ ಹೋದವರು ರೂಮಿನಲ್ಲಿ ಕೂತು ಮಳೆ ನೋಡಿ ಬರುತ್ತಾರೆ. ಉಳಿದ ತಿಂಗಳು ಲೈಫ್‌ಗಾರ್ಡ್ ಇರುವ ಕಡೆ, ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಇಳಿಸಿ. ಬರೀ ಕೆಂಪು ಬಾವುಟ ಇದ್ದರೆ ಕಾಲೂ ಇಡಬೇಡಿ. ನಮ್ಮ ಮಕ್ಕಳಿಗೆ ಈಜು ಬಂದರೂ ಬಾವಿ ಈಜು. ಅಲೆ ಹಿಂದಕ್ಕೆ ಎಳೆಯುವುದು ಅವರಿಗೆ ಗೊತ್ತಿರುವುದಿಲ್ಲ.

ಬಿಸಿಲೂರು

ಕಾಕಾ ಹೇಳಿದ ರೈಲಿನ ಮಾತು ನಿಜ. ಆದರೆ ಸೇಡಂ ರಸ್ತೆ ಅವರ ಪಾಯಿಂಟ್ಸ್ ಮ್ಯಾರಿಯಟ್‌ನಲ್ಲಿವೆ. ಅವು ಅಕೋರ್‌ನಲ್ಲಿ ನಡೆಯುವುದಿಲ್ಲ. ಅದೇ ಗುಂಪಿನಲ್ಲಿ ನೋಡಿದರೆ ಗೋವಾದಲ್ಲಿ ಕವೆಲೋಸಿಂನ ಸೇಂಟ್ ರೀಜಿಸ್, ಮೊದಲು ಲೀಲಾ ಇದ್ದದ್ದು, ಬಹಳ ದುಬಾರಿ. ಮಿರಾಮಾರ್‌ನ ಗೋವಾ ಮ್ಯಾರಿಯಟ್ ಪಣಜಿಗೆ ಅಂಟಿಕೊಂಡಿದೆ, ಮಾಂಡೋವಿ ಕಡಲು ಸೇರುವ ಜಾಗ. ವಯಸ್ಸಾದವರಿಗೆ ಆಸ್ಪತ್ರೆ, ಅಂಗಡಿ, ಊಟ ಎಲ್ಲ ಹತ್ತಿರ. ಚೆನ್ನೈ ಕಡೆ ಈಸ್ಟ್ ಕೋಸ್ಟ್ ರಸ್ತೆಯಲ್ಲಿ ಶೆರಟನ್ ಗ್ರ್ಯಾಂಡ್ ರೆಸಾರ್ಟ್ ಇದೆ, ಮಹಾಬಲಿಪುರಕ್ಕೆ ಹೋಗುವ ದಾರಿ. ನಮ್ಮೂರಿಂದ ಚೆನ್ನೈಗೂ ನೇರ ರೈಲು ಇದೆ, ಆದರೆ ಅಲ್ಲೂ ಅಕ್ಟೋಬರ್ ಮಳೆಯ ತಿಂಗಳೇ.

ವಿಮಾನದಲ್ಲಿ ಹೋಗುವುದಾದರೆ ಹೈದರಾಬಾದ್‌ಗೆ ಹೋಗಿ ಹತ್ತಿ. ಇಳಿಯುವ ಜಾಗ ಸರಿಯಾಗಿ ನೋಡಿ. ಗೋವಾಕ್ಕೆ ಈಗ ಎರಡು ವಿಮಾನ ನಿಲ್ದಾಣ. ದಕ್ಷಿಣದ ರೆಸಾರ್ಟ್ ಬುಕ್ ಮಾಡಿ, ಟಿಕೆಟ್ ಅಗ್ಗ ಅಂತ ಉತ್ತರ ತುದಿಯ ಮೋಪಾದಲ್ಲಿ ಇಳಿದರೆ ಉಳಿಸಿದ್ದೆಲ್ಲ ಟ್ಯಾಕ್ಸಿಗೆ. ದಕ್ಷಿಣಕ್ಕೆ ದಾಬೋಲಿಂ ಸರಿ.

ತೆರಿಗೆಯ ಒಂದು ಗೆರೆ ಕೂಡ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ರಾತ್ರಿಗೆ ₹7,500ರವರೆಗಿನ ರೂಮಿಗೆ ಜಿಎಸ್‌ಟಿ 5%, ಅದಕ್ಕಿಂತ ಮೇಲೆ 18%. ₹7,400ರ ರೂಮ್ ತೆರಿಗೆ ಸೇರಿ ₹7,770. ₹7,600ರ ರೂಮ್ ₹8,968. ಇನ್ನೂರು ರೂಪಾಯಿ ಜಾಸ್ತಿಯ ರೂಮಿಗೆ ಕೈಯಿಂದ ಹೋಗುವುದು ಸುಮಾರು ಸಾವಿರದ ಇನ್ನೂರು. ಎರಡು ರೂಮ್ ಬೇಕಾದವರಿಗೆ ಇದು ಸಣ್ಣ ಮಾತಲ್ಲ. ಪಾಯಿಂಟ್ಸ್‌ನಲ್ಲಿ ಪಡೆದ ರಾತ್ರಿಗೆ ಈ ಲೆಕ್ಕವೇ ಬರುವುದಿಲ್ಲ.

ತೊಗರಿ ಕಣಜ

ಡಿಸೆಂಬರ್ ಕೊನೆಗೆ ಹೋದರೆ ಹೇಗೆ? ಕ್ರಿಸ್‌ಮಸ್ ಲೈಟಿಂಗ್ ಎಲ್ಲ ಇರುತ್ತದೆ.

ಶಹಾಪುರ ಹುಡುಗ

ಬೇಡ ಅಣ್ಣ. ಡಿಸೆಂಬರ್ 24, 31ಕ್ಕೆ ಗೋವಾದ ಎಷ್ಟೋ ರೆಸಾರ್ಟ್‌ಗಳಲ್ಲಿ ಗಾಲಾ ಡಿನ್ನರ್ ಕಡ್ಡಾಯ. ರೂಮ್ ಪಾಯಿಂಟ್ಸ್‌ನಲ್ಲಿ ಬಂದಿದ್ದರೂ ತಲೆಗೆ ಇಷ್ಟು ಅಂತ ಆ ಊಟದ ದುಡ್ಡು ಕಟ್ಟಬೇಕು. ರಾತ್ರಿ ಹೊತ್ತು ಜೋರು ಹಾಡು, ಮದ್ಯ. ಸಸ್ಯಾಹಾರಿ ಕುಟುಂಬ ಮಜ್ಜಿಗೆ ಅನ್ನಕ್ಕೆ ಅಷ್ಟು ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ನಾನು ಕೆಲಸ ಮಾಡಿದ ಕಡೆ ಸಂಕ್ರಾಂತಿ ಆದ ಮೇಲೆ ವಾರದ ದಿನಗಳಲ್ಲಿ ಹೋಟೆಲ್ ಸ್ವಲ್ಪ ಉಸಿರಾಡುತ್ತಿತ್ತು. ಸಮುದ್ರ ಶಾಂತ, ಬಿಸಿಲು ಹಿತ. ಗೋಲ್ಡ್‌ನವರಿಗೂ ಸೀ ವ್ಯೂ ಕೊಟ್ಟದ್ದು ಆ ದಿನಗಳಲ್ಲೇ.

ಸೇಡಂ ರಸ್ತೆ

ಜನವರಿ ಅಂದರೆ ಶಾಲೆಗೆ ರಜೆ ಹಾಕಿಸಬೇಕು. ಹೆಂಡತಿ ಒಪ್ಪುತ್ತಿಲ್ಲ, ದೊಡ್ಡವನಿಗೆ ಪರೀಕ್ಷೆ ಹತ್ತಿರ ಅಂತ. ಗಣರಾಜ್ಯೋತ್ಸವದ ಹಿಂದೆ ಮುಂದೆ ಎರಡು ದಿನ ಸೇರಿಸಿದರೆ?

ಶೇಂಗಾ ಹಿಂಡಿ

ಅವರು ಒಪ್ಪದಿರುವುದೇ ಸರಿ. ಜನವರಿ 26ರ ಆಸುಪಾಸಿನಲ್ಲಿ ಇಡೀ ಪುಣೆ, ಮುಂಬೈ ಗೋವಾದಲ್ಲೇ ಇರುತ್ತದೆ. ಶಾಲೆ ಬಿಡಿಸಿಯೇ ಹೋಗುವುದಾದರೆ ಆ ವಾರ ಬಿಟ್ಟು ಹೋಗಿ.

ಬಿಸಿಲೂರು

ದಸರಾ ರಜೆಯಲ್ಲೇ ಹೋಗಿ, ಆದರೆ ಹಬ್ಬದ ವಾರಾಂತ್ಯ ಬಿಟ್ಟು ಭಾನುವಾರ ಮಧ್ಯಾಹ್ನ ಚೆಕ್‌ಇನ್ ಮಾಡಿ. ವಾರಾಂತ್ಯದವರು ಖಾಲಿ ಮಾಡುವ ಹೊತ್ತು ಅದು. ಭಾನುವಾರದಿಂದ ಶುಕ್ರವಾರದವರೆಗೆ ಐದು ರಾತ್ರಿ, ಪಾಯಿಂಟ್ಸ್ ಸಾಕಾದರೆ ಒಂದು ರೂಮ್ ಅದರಲ್ಲಿ. ಎರಡನೆಯ ರೂಮ್ ದುಡ್ಡು ಕೊಟ್ಟು, ತಿಂಡಿ ಸೇರಿದ ದರದಲ್ಲಿ. ಯಾರ ತಿಂಡಿ ಯಾವ ರೂಮಿನಲ್ಲಿ ಸೇರಿದೆ ಎಂದು ಮೊದಲೇ ಬರೆಸಿಕೊಂಡರೆ ಬೆಳಿಗ್ಗೆ ಹಾಲ್ ಬಾಗಿಲಲ್ಲಿ ರಗಳೆ ಇರುವುದಿಲ್ಲ. ಪಾಯಿಂಟ್ಸ್ ಸಾಲದಿದ್ದರೆ ಹಾಗೇ ಇಡಿ. 24 ತಿಂಗಳೊಳಗೆ ಒಮ್ಮೆ ಗಳಿಸಿದರೆ ಅಥವಾ ಬಳಸಿದರೆ ಅವು ಸಾಯುವುದಿಲ್ಲ, ನೀವಂತೂ ತಿರುಗುತ್ತಲೇ ಇರುತ್ತೀರಿ.

ಸೇಡಂ ರಸ್ತೆ

ಇದು ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ ಆಯಿತು. ಮಿರಾಮಾರ್ ಕಡೆಯೇ ನೋಡುತ್ತಿದ್ದೇನೆ, ಅವ್ವನಿಗೆ ಬಿಪಿ ಇದೆ, ಆಸ್ಪತ್ರೆ ಹತ್ತಿರ ಇದ್ದರೆ ಧೈರ್ಯ. ಹೋಟೆಲ್‌ಗೆ ಫೋನ್ ಮಾಡಿ ಅಕ್ಕಪಕ್ಕದ ರೂಮ್ ಕೇಳಿದೆ. "ಆಯ್ತು ಸರ್, ನೋಟ್ ಮಾಡಿಕೊಂಡಿದ್ದೇವೆ" ಅಂದರು. ಸಾಕಲ್ವಾ?

ಶಹಾಪುರ ಹುಡುಗ

ಸಾಲದು. ಶಿಫ್ಟ್ ಬದಲಾದರೆ ಫೋನ್‌ನಲ್ಲಿ ಹೇಳಿದ್ದು ಉಳಿಯುವುದಿಲ್ಲ. ಎರಡೂ ಬುಕಿಂಗ್ ನಂಬರ್ ಹಾಕಿ ಇಮೇಲ್ ಮಾಡಿ. ಒಂದು ಪಾಯಿಂಟ್ಸ್ ಬುಕಿಂಗ್, ಇನ್ನೊಂದು ದುಡ್ಡಿನದು, ಹಾಗಾಗಿ ಎರಡೂ ಒಂದೇ ಕುಟುಂಬ ಅಂತ ಕಂಪ್ಯೂಟರ್‌ಗೆ ಗೊತ್ತಿರುವುದಿಲ್ಲ. "ಇವೆರಡನ್ನೂ ಲಿಂಕ್ ಮಾಡಿ" ಅಂತ ಸ್ಪಷ್ಟವಾಗಿ ಬರೆಯಿರಿ. ಕನೆಕ್ಟಿಂಗ್ ಬೇಕೋ, ಪಕ್ಕಪಕ್ಕ ಇದ್ದರೆ ಸಾಕೋ, ಅದನ್ನೂ ಬರೆಯಿರಿ. ಕನೆಕ್ಟಿಂಗ್ ಎಂದರೆ ನಡುವೆ ಬಾಗಿಲು ಇರುವುದು, ಅಂಥವು ಕಡಿಮೆ. ಹೋಗುವಾಗ ದೊಡ್ಡವರೆಲ್ಲರ ಆಧಾರ್ ಇಟ್ಟುಕೊಳ್ಳಿ. ಪ್ಯಾನ್ ಕಾರ್ಡ್‌ನಲ್ಲಿ ವಿಳಾಸ ಇಲ್ಲದ್ದರಿಂದ ಚೆಕ್‌ಇನ್‌ಗೆ ಅದು ನಡೆಯುವುದಿಲ್ಲ.